ಎಕ್ಸ್‌ಎಂಎಲ್ ಒಳಗೆ ಎಚ್‌ಟಿಎಂಎಲ್ ಲಿಂಕ್ ಹಾಕಿದರೆ ನೇಮ್‌ಸ್ಪೇಸ್ ಎರರ್ ಬರುತ್ತಿದೆ, ಯಾರಾದರೂ ನೋಡಿ

ಕೊಪ್ಪಳ_ಗವಿ

ಎಲ್ಲರಿಗೂ ನಮಸ್ಕಾರ. ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೊಪ್ಪಳ ಜಿಲ್ಲೆಯ ನೋಡುವ ಜಾಗಗಳ ಪಟ್ಟಿ ಮಾಡುತ್ತಿದ್ದೇನೆ. ಇಟಗಿ, ಕುಕನೂರು, ಆನೆಗೊಂದಿ, ಹಿರೇಬೆಣಕಲ್, ಕಿನ್ನಾಳ ಎಲ್ಲಾ ಇದೆ. ಡೇಟಾ ಎಕ್ಸ್‌ಎಂಎಲ್‌ನಲ್ಲೇ (ನಾವೇ ಹೆಸರಿಟ್ಟ ಟ್ಯಾಗ್‌ಗಳ ನಡುವೆ ಡೇಟಾ ಬರೆಯುವ ವಿಧಾನ) ಇರಬೇಕು ಅಂತ ಗೈಡ್ ಹೇಳಿದ್ದಾರೆ. ಟ್ಯಾಗ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ, ಅದರಿಂದ ಏನೂ ತೊಂದರೆ ಆಗಿಲ್ಲ. ತೊಂದರೆ ಲಿಂಕಿನದು.

ಫೋನಿನಿಂದ ಬರೆಯುತ್ತಿದ್ದೇನೆ, ಹಾಗಾಗಿ ಇಂಗ್ಲಿಷ್ ಅಕ್ಷರದ ಭಾಗವನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷಿನಲ್ಲೇ ಇವೆ.

<ತಾಣಗಳು>
  <ತಾಣ>
    <ಹೆಸರು>ಇಟಗಿ ಮಹಾದೇವ ದೇವಾಲಯ</ಹೆಸರು>
    <ವಿವರ>1112ರಲ್ಲಿ ಕಟ್ಟಿದ್ದು. <ಎಚ್‌ಟಿಎಂಎಲ್:ಎ ಎಚ್‌ರೆಫ್="ಇಟಗಿ">ಫೋಟೊ ನೋಡಿ</ಎಚ್‌ಟಿಎಂಎಲ್:ಎ>, ಕುಕನೂರಿಗೆ ಹತ್ತಿರ.</ವಿವರ>
  </ತಾಣ>
</ತಾಣಗಳು>

ಕ್ರೋಮ್‌ನಲ್ಲಿ ತೆರೆದರೆ ಮೇಲೆ ಗುಲಾಬಿ ಬಣ್ಣದ ಡಬ್ಬಿಯಲ್ಲಿ ಎರರ್. ‘ಎ’ ಮೇಲಿರುವ ‘ಎಚ್‌ಟಿಎಂಎಲ್’ ಅನ್ನೋ ನೇಮ್‌ಸ್ಪೇಸ್ ಪ್ರಿಫಿಕ್ಸ್ (ಟ್ಯಾಗ್ ಹೆಸರಿನ ಮೊದಲು ಕೋಲನ್ ಹಾಕಿ ಬರೆದ ಭಾಗ) ಡಿಫೈನ್ ಆಗಿಲ್ಲ ಅಂತ. ಸರಿ, ಪ್ರಿಫಿಕ್ಸ್ ತೆಗೆದು ಬರೀ ‘ಎ’ ಇಟ್ಟೆ. ಎರರ್ ಹೋಯಿತು, ಆದರೆ ಲಿಂಕ್ ಒತ್ತಲು ಬರುವುದಿಲ್ಲ. ಮರದ ತರಹ ಟ್ಯಾಗ್‌ಗಳ ಪಟ್ಟಿ ಕಾಣುತ್ತದೆ, ಅದರಲ್ಲಿ ‘ಎ’ ಕೂಡ ಇನ್ನೊಂದು ಟ್ಯಾಗ್ ಅಷ್ಟೇ. ಪ್ರಿಫಿಕ್ಸ್ ಇದ್ದರೆ ಎರರ್, ಇಲ್ಲದಿದ್ದರೆ ಲಿಂಕ್ ಸತ್ತಂತೆ. ನಡುವಿನ ದಾರಿ ಯಾವುದು?

ಬಳ್ಳಾರಿ_ಬಿಸಿಲು

ಸಿಡೇಟಾ ಒಳಗೆ ಹಾಕಿ ತಮ್ಮಾ. ಎರರ್ ಬರುವುದಿಲ್ಲ. ಮುಗಿಯಿತು.

ಮಸ್ಕಿ_ಬಂಡೆ

ಬಿಸಿಲು ಅಣ್ಣಾ, ಸಿಡೇಟಾದಲ್ಲಿ ಹಾಕಿದರೆ ಎರರ್ ಹೋಗುತ್ತದೆ ನಿಜ, ಆದರೆ ಅದರ ಜೊತೆ ಲಿಂಕೂ ಹೋಗುತ್ತದೆ. ಸಿಡೇಟಾ ಅಂದರೆ ‘ಇಲ್ಲಿಂದ ಇಲ್ಲಿಯವರೆಗೆ ಬರೀ ಅಕ್ಷರ, ಟ್ಯಾಗ್ ಅಂತ ಓದಬೇಡ’ ಅಂತ ಫೈಲ್ ಓದುವ ಪಾರ್ಸರ್‌ಗೆ ಹೇಳಿದಂತೆ. ತೆರೆಯ ಮೇಲೆ ಕೋನಾವರಣದ ಸಮೇತ ಕೋಡೇ ಕಾಣುತ್ತದೆ. ಸೈಟಿನ ಹೊಸ ಬರಹಗಳ ಪಟ್ಟಿ ಕೊಡುವ ಆರ್‌ಎಸ್‌ಎಸ್ ಫೀಡಿನಲ್ಲಿ ಡಿಸ್ಕ್ರಿಪ್ಶನ್ ಒಳಗೆ ಹಾಗೆ ಮಾಡುತ್ತಾರೆ, ಯಾಕೆಂದರೆ ಅಲ್ಲಿ ಫೀಡ್ ಓದುವ ಆ್ಯಪ್ ಆ ಅಕ್ಷರಗಳನ್ನು ಎತ್ತಿಕೊಂಡು ಮತ್ತೊಮ್ಮೆ ಎಚ್‌ಟಿಎಂಎಲ್ ಅಂತ ಓದುತ್ತದೆ. ಗವಿ ತಮ್ಮನ ಫೈಲನ್ನು ನೇರ ಬ್ರೌಸರ್ ತೆರೆಯುತ್ತದೆ, ಅಲ್ಲಿ ಎರಡನೇ ಸಲ ಓದುವವರು ಯಾರೂ ಇಲ್ಲ.

ಈಗ ಅಸಲು ವಿಷಯ. ಎಕ್ಸ್‌ಎಂಎಲ್‌ಗೆ ‘ಎ’ ಅಂದರೆ ಲಿಂಕ್ ಅಂತ ಹುಟ್ಟಿನಿಂದ ಗೊತ್ತಿಲ್ಲ. ನೀವು ‘ತಾಣ’ ಅಂತ ಟ್ಯಾಗ್ ಮಾಡಿದ ಹಾಗೆ ಇನ್ಯಾರೋ ‘ಎ’ ಅಂತ ಒಂದು ಟ್ಯಾಗ್ ಮಾಡಿಕೊಂಡಿರಬಹುದು, ಅದರಲ್ಲಿ ಆನೆಗೊಂದಿಯ ವಿಳಾಸ ಇರಬಹುದು. ನಮ್ಮ ಕಡೆ ಒಂದೇ ಹಾಸ್ಟೆಲಿನಲ್ಲಿ ನಾಲ್ಕು ಜನ ಬಸವರಾಜ ಇರುತ್ತಾರೆ, ಅಡ್ಡಹೆಸರು ಹೇಳದೆ ಕೂಗಿದರೆ ಯಾರೂ ಬರುವುದಿಲ್ಲ, ಇಲ್ಲಾ ನಾಲ್ಕೂ ಜನ ಬರುತ್ತಾರೆ. ಆ ಅಡ್ಡಹೆಸರೇ ನೇಮ್‌ಸ್ಪೇಸ್. ಎಕ್ಸ್‌ಎಂಎಲ್ 1.0 ಬಂದಿದ್ದು 1998ರ ಫೆಬ್ರವರಿಯಲ್ಲಿ, ನೇಮ್‌ಸ್ಪೇಸ್ ನಿಯಮ ಬಂದಿದ್ದು 1999ರ ಜನವರಿಯಲ್ಲಿ, ಈ ಗೊಂದಲ ತಪ್ಪಿಸಲಿಕ್ಕೇ.

ನಿಮ್ಮ ಮೂಲ ಟ್ಯಾಗಿನಲ್ಲಿ ಒಂದು ಘೋಷಣೆ ಬೇಕು:

<ತಾಣಗಳು ಎಕ್ಸ್‌ಎಂಎಲ್‌ಎನ್‌ಎಸ್:ಎಚ್‌ಟಿಎಂಎಲ್="ಎಚ್‌ಟಿಟಿಪಿ://ಡಬ್ಲ್ಯುಡಬ್ಲ್ಯುಡಬ್ಲ್ಯು.ಡಬ್ಲ್ಯು3.ಓಆರ್‌ಜಿ/1999/ಎಕ್ಸ್‌ಎಚ್‌ಟಿಎಂಎಲ್">

ಇಷ್ಟು ಸೇರಿಸಿ, ಕೆಳಗಿನ ಟ್ಯಾಗ್ ಈಗ ಇರುವ ಹಾಗೇ ಇರಲಿ. ಪ್ರಿಫಿಕ್ಸ್ ‘ಎಚ್‌ಟಿಎಂಎಲ್’ ಅಂತಲೇ ಇರಬೇಕು ಅಂತಿಲ್ಲ. ‘ಹ’ ಅಂತ ಒಂದೇ ಕನ್ನಡ ಅಕ್ಷರ ಇಟ್ಟರೂ ನಡೆಯುತ್ತದೆ. ಮೇಲೆ ಘೋಷಿಸಿದ್ದು, ಕೆಳಗೆ ಬಳಸಿದ್ದು ಒಂದೇ ಆಗಿದ್ದರೆ ಸಾಕು. ಬದಲಾಯಿಸಬಾರದ್ದು ಉದ್ಧರಣ ಚಿಹ್ನೆಯ ಒಳಗಿನ ವಿಳಾಸ.

ಕೊಪ್ಪಳ_ಗವಿ

ಅಣ್ಣಾ ಥ್ಯಾಂಕ್ಸ್. ಸೇರಿಸಿದೆ. ಎರರ್ ಹೋಯಿತು, ಆದರೆ ಈಗಲೂ ಅದೇ ಮರದ ಪಟ್ಟಿ, ಲಿಂಕ್ ಒತ್ತಲು ಬರುತ್ತಿಲ್ಲ. ವಿಳಾಸ ಸರಿಯಾಗೇ ಇದೆ, ಬ್ರೌಸರಿನಲ್ಲಿ ಹಾಕಿ ನೋಡಿದೆ, ಪುಟ ತೆರೆಯುತ್ತದೆ. ಅಲ್ಲಿಂದಲೇ ಕಾಪಿ ಮಾಡಿದ್ದು.

ಮಸ್ಕಿ_ಬಂಡೆ

ಅಲ್ಲೇ ಇದೆ ನೋಡಿ. ಬ್ರೌಸರಿನ ವಿಳಾಸ ಪಟ್ಟಿಯಿಂದ ಕಾಪಿ ಮಾಡಿದರೆ ಮುಂದೆ ಎಚ್‌ಟಿಟಿಪಿಎಸ್ ಅಂತ ಬಂದಿರುತ್ತದೆ. ಕೊನೆಯಲ್ಲಿ ಒಂದು ಸ್ಲ್ಯಾಶ್ ಕೂಡ ಅಂಟಿಕೊಂಡಿರಬಹುದು. ಆ ‘ಎಸ್’ ತೆಗೆಯಿರಿ, ಸ್ಲ್ಯಾಶ್ ಇದ್ದರೆ ಅದನ್ನೂ ತೆಗೆಯಿರಿ.

ಇದು ನೋಡಲಿಕ್ಕೆ ವೆಬ್ ವಿಳಾಸ, ಕೆಲಸ ಮಾತ್ರ ಹೆಸರಿನದು. ಪಾರ್ಸರ್ ಅಲ್ಲಿಗೆ ಹೋಗಿ ಏನನ್ನೂ ಇಳಿಸಿಕೊಳ್ಳುವುದಿಲ್ಲ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ ಅಷ್ಟೇ. ಒಂದು ಅಕ್ಷರ ಬೇರೆಯಾದರೂ ಅದು ಬೇರೆ ನೇಮ್‌ಸ್ಪೇಸ್. ದೊಡ್ಡಕ್ಷರ ಚಿಕ್ಕಕ್ಷರ ವ್ಯತ್ಯಾಸ ಕೂಡ ಲೆಕ್ಕಕ್ಕೆ ಬರುತ್ತದೆ. ಪಾರ್ಸರ್ ದೃಷ್ಟಿಯಲ್ಲಿ ನಿಮ್ಮ ಫೈಲ್ ಸರಿಯಾಗಿದೆ, ಅದಕ್ಕೇ ಎರರ್ ಇಲ್ಲ. ಬ್ರೌಸರಿನ ದೃಷ್ಟಿಯಲ್ಲಿ ಮಾತ್ರ ಆ ‘ಎ’ ಯಾರೋ ಅಪರಿಚಿತ. ನನ್ನನ್ನು ಕೇಳಿದರೆ ಎರರ್ ಬರುವ ತಪ್ಪಿಗಿಂತ ಇದೇ ಜಾಸ್ತಿ ಕಾಡುತ್ತದೆ, ಏಕೆಂದರೆ ಏನೂ ಹೇಳದೆ ಸುಮ್ನೆ ಕೂತಿರುತ್ತದೆ.

ಇನ್ನೊಂದು. ಲಿಂಕಿನ ವಿಳಾಸ ಹೇಳುವ ‘ಎಚ್‌ರೆಫ್’ ಆಟ್ರಿಬ್ಯೂಟಿನ ಮುಂದೆ ಪ್ರಿಫಿಕ್ಸ್ ಹಾಕಬೇಡಿ. ಟ್ಯಾಗಿಗೆ ಹಾಕಿದೆವು, ಆಟ್ರಿಬ್ಯೂಟಿಗೂ ಹಾಕೋಣ ಅಂತ ಬಹಳ ಜನ ಹಾಕುತ್ತಾರೆ. ಎಚ್‌ಟಿಎಂಎಲ್‌ನ ಆಟ್ರಿಬ್ಯೂಟ್‌ಗಳು ಯಾವ ನೇಮ್‌ಸ್ಪೇಸಿಗೂ ಸೇರಿಲ್ಲ. ಪ್ರಿಫಿಕ್ಸ್ ಹಾಕಿದಿರೋ, ಮತ್ತೆ ಲಿಂಕ್ ಸತ್ತಂತೆ, ಮತ್ತೆ ಎರರ್ ಇಲ್ಲ.

ಕೊಪ್ಪಳ_ಗವಿ

ಎಸ್ ತೆಗೆದೆ. ಈಗ ಲಿಂಕ್ ನೀಲಿ ಆಯಿತು, ಒತ್ತಿದರೆ ಪುಟ ತೆರೆಯುತ್ತದೆ! ಆದರೆ ಮರದ ಪಟ್ಟಿ ಪೂರ್ತಿ ಮಾಯ. ಎಲ್ಲಾ ತಾಣಗಳ ಹೆಸರು, ವಿವರ ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದ ಸಾಲಾಗಿ ಬರುತ್ತಿದೆ. ಏನಾದರೂ ಕೆಟ್ಟಿತಾ?

ಸಂಡೂರು_ಮಣ್ಣು

ಕೆಟ್ಟಿಲ್ಲ, ಅದೇ ಒಳ್ಳೆಯ ಲಕ್ಷಣ. ಬ್ರೌಸರಿಗೆ ಫೈಲಿನಲ್ಲಿ ಪರಿಚಯದ ಟ್ಯಾಗ್ ಒಂದೂ ಸಿಗದೆ, ಹೇಗೆ ಕಾಣಬೇಕು ಅಂತ ಹೇಳುವ ಸ್ಟೈಲ್‌ಶೀಟೂ ಇಲ್ಲದಿದ್ದಾಗ ಮಾತ್ರ ಅದು ಮರದ ಪಟ್ಟಿ ತೋರಿಸುತ್ತದೆ. ಎಚ್‌ಟಿಎಂಎಲ್ ಎಂದು ಗುರುತಾಗುವ ಒಂದು ಟ್ಯಾಗ್ ಸಿಕ್ಕರೂ ‘ಓ ಇದು ಪುಟ’ ಅಂತ ಪುಟದ ಹಾಗೇ ತೋರಿಸುತ್ತದೆ. ನಾನಂತೂ ನೇಮ್‌ಸ್ಪೇಸ್ ಸರಿ ಇದೆಯಾ ಅಂತ ನೋಡಲಿಕ್ಕೆ ಇದನ್ನೇ ಬಳಸುತ್ತೇನೆ. ಮರ ಹೋಯಿತು ಅಂದರೆ ಗುರುತು ಸಿಕ್ಕಿತು.

ಸಾಲುಗಳು ಬಿಡಿಬಿಡಿಯಾಗಿ ಬರಬೇಕಾದರೆ ಒಂದು ಸಿಎಸ್‌ಎಸ್ ಫೈಲ್ (ಅದೇ ಸ್ಟೈಲ್‌ಶೀಟ್) ಜೋಡಿಸಿ. ಎಕ್ಸ್‌ಎಂಎಲ್ ಘೋಷಣೆಯ ಕೆಳಗೆ, ಮೂಲ ಟ್ಯಾಗಿನ ಮೇಲೆ, ಎಕ್ಸ್‌ಎಂಎಲ್-ಸ್ಟೈಲ್‌ಶೀಟ್ ಅನ್ನೋ ಸೂಚನೆ ಬರೆದು ಅದರಲ್ಲಿ ಫೈಲಿನ ಹೆಸರು ಕೊಡಿ. ಸಿಎಸ್‌ಎಸ್‌ನಲ್ಲಿ ಕನ್ನಡ ಟ್ಯಾಗ್ ಹೆಸರನ್ನು ಹಾಗೇ ಬರೆಯಬಹುದು: ತಾಣ, ಹೆಸರು, ವಿವರ ಮೂರಕ್ಕೂ ಡಿಸ್ಪ್ಲೇ ಬ್ಲಾಕ್. ಹೆಸರಿಗೆ ದಪ್ಪ ಅಕ್ಷರ. ‘ಎ’ಗೆ ಏನೂ ಬರೆಯಬೇಕಿಲ್ಲ, ಬ್ರೌಸರೇ ನೀಲಿ ಮಾಡಿ ಕೆಳಗೆ ಗೆರೆ ಎಳೆಯುತ್ತದೆ. ಎರಡೂ ಫೈಲನ್ನು ಯುಟಿಎಫ್-8ನಲ್ಲೇ ಉಳಿಸಿ. ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ ಪಠ್ಯ ಇದ್ದರೆ ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ, ಇಲ್ಲವಾದರೆ ಇಟಗಿ ಜಾಗದಲ್ಲಿ ಚುಕ್ಕಿ ಕೊಂಬು ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಗಂಗಾವತಿ_ಗೆಳೆಯ

ಇಷ್ಟೆಲ್ಲಾ ಯಾಕ್ರೀ. ಈ ಕಾಲದಲ್ಲಿ ಎಕ್ಸ್‌ಎಂಎಲ್ ಯಾರು ಬಳಸುತ್ತಾರೆ. ಡೇಟಾ ಬರೆಯುವ ಇನ್ನೊಂದು ವಿಧಾನ ಜೇಸನ್ ಇದೆಯಲ್ಲ, ಅದರಲ್ಲಿ ಹಾಕಿ, ಒಂದು ಸ್ಟ್ರಿಂಗ್ ಒಳಗೆ ಲಿಂಕ್ ತುರುಕಿ, ಮುಗೀತು.

ಮಸ್ಕಿ_ಬಂಡೆ

ಗೆಳೆಯಾ, ನೀವು ವರ್ಡ್‌ನಲ್ಲಿ ಉಳಿಸುವ ಡಾಕ್ಸ್ ಫೈಲ್ ಬಿಚ್ಚಿ ನೋಡಿ, ಒಳಗೆ ಎಕ್ಸ್‌ಎಂಎಲ್. ಇಪಬ್ ಪುಸ್ತಕ, ಎಸ್‌ವಿಜಿ ಚಿತ್ರ, ಆರ್‌ಎಸ್‌ಎಸ್, ಸೈಟ್‌ಮ್ಯಾಪ್ ಎಲ್ಲಾ ಅದೇ. ಇನ್ನೂ ಒಂದು ಮಾತು, ವಾಕ್ಯದ ನಡುವೆ ಲಿಂಕ್ ಬಂದು ಮತ್ತೆ ವಾಕ್ಯ ಮುಂದುವರಿಯುವ ಪಠ್ಯಕ್ಕೆ ಜೇಸನ್ ಹೇಳಿಮಾಡಿಸಿದ್ದಲ್ಲ. ನೀವು ಸ್ಟ್ರಿಂಗಿನಲ್ಲಿ ತುರುಕುವುದೂ ಸಿಡೇಟಾದ ತಮ್ಮನೇ. ಒಳಗೆ ಟ್ಯಾಗ್ ಮುಚ್ಚಿದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ಅಲ್ಲದೆ ಗೈಡ್ ಎಕ್ಸ್‌ಎಂಎಲ್ ಅಂದಿದ್ದಾರೆ. ಮಾರ್ಕ್ಸ್ ಕೊಡುವವರು ನೀವಲ್ಲವಲ್ಲ.

ಗಂಗಾವತಿ_ಗೆಳೆಯ

ಮಾರ್ಕ್ಸ್ ವಿಷಯ ಬಂದರೆ ನಾನು ಸುಮ್ಮನಾಗುತ್ತೇನೆ.

ಕೊಪ್ಪಳ_ಗವಿ

ಸಿಎಸ್‌ಎಸ್ ಕೆಲಸ ಮಾಡಿತು, ಚೆನ್ನಾಗಿ ಕಾಣುತ್ತಿದೆ. ಆದರೆ ಹಿರೇಬೆಣಕಲ್ ಸೇರಿಸಿದ ಕೂಡಲೇ ಮತ್ತೆ ಗುಲಾಬಿ ಡಬ್ಬಿ. ಅದರಲ್ಲಿ ಮ್ಯಾಪಿನ ಲಿಂಕ್ ಇದೆ, ಉದ್ದದ್ದು. ಎಂಟಿಟಿ ರೆಫ್, ಸೆಮಿಕೋಲನ್ ಬೇಕಿತ್ತು ಅಂತ ಏನೋ ಹೇಳುತ್ತಿದೆ. ನೇಮ್‌ಸ್ಪೇಸ್ ಘೋಷಣೆ ಮುಟ್ಟಿಲ್ಲ.

ಸಂಡೂರು_ಮಣ್ಣು

ಇದು ನೇಮ್‌ಸ್ಪೇಸ್ ಅಲ್ಲ, ಲಿಂಕಿನೊಳಗಿನ & ಚಿಹ್ನೆ. ಮ್ಯಾಪ್ ಲಿಂಕ್‌ಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಒಂದೊಂದೇ ಮೌಲ್ಯವನ್ನು & ಹಾಕಿ ಜೋಡಿಸಿರುತ್ತಾರೆ. ಎಚ್‌ಟಿಎಂಎಲ್ ಪುಟದಲ್ಲಿ ಬ್ರೌಸರ್ ಹೇಗೋ ಸಂಭಾಳಿಸಿಕೊಂಡು ಹೋಗುತ್ತದೆ. ಎಕ್ಸ್‌ಎಂಎಲ್ ಆ ಮುಲಾಜು ಇಟ್ಟುಕೊಂಡಿಲ್ಲ. ಪ್ರತಿ & ಜಾಗದಲ್ಲಿ &#38; ಅಂತ ಹಾಕಿ. ಓದುವಾಗ ಅದು ಮತ್ತೆ ಒಂದೇ & ಆಗುತ್ತದೆ, ಲಿಂಕ್ ಸರಿಯಾಗೇ ಹೋಗುತ್ತದೆ.

ಹಾಗೇ ಎಚ್‌ಟಿಎಂಎಲ್‌ನಿಂದ ಕಾಪಿ ಮಾಡಿದ ಪಠ್ಯದಲ್ಲಿ ಎನ್‌ಬಿಎಸ್‌ಪಿ ಅನ್ನೋ ಖಾಲಿ ಜಾಗದ ಸಂಕೇತ ಇದ್ದರೆ ಅದನ್ನೂ &#160; ಮಾಡಿ. ಎಕ್ಸ್‌ಎಂಎಲ್‌ಗೆ ತಾನಾಗಿ ಗೊತ್ತಿರುವ ಹೆಸರಿನ ಎಂಟಿಟಿಗಳು (ಒಂದು ಅಕ್ಷರದ ಬದಲು ಬರೆಯುವ ಸಂಕೇತಗಳು) ಬರೀ ಐದು: ಚಿಕ್ಕದು, ದೊಡ್ಡದು ಅನ್ನೋ ಎರಡು ಕೋನಾವರಣ, ಆ್ಯಂಪರ್ಸೆಂಡ್, ಒಂಟಿ ಉದ್ಧರಣ, ಜೋಡಿ ಉದ್ಧರಣ. ಬಿಆರ್, ಐಎಂಜಿ ಟ್ಯಾಗ್ ಇದ್ದರೆ ಕೊನೆಗೆ ಸ್ಲ್ಯಾಶ್ ಹಾಕಿ ಮುಚ್ಚಬೇಕು, ಮತ್ತೆ ಅವಕ್ಕೂ ಅದೇ ಪ್ರಿಫಿಕ್ಸ್ ಬೇಕು.

ಸಿಂಧನೂರು_ಭತ್ತ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ತರಹದ ಫೈಲ್, ಆದರೆ ಪೈಥಾನ್‌ನಲ್ಲಿ ಓದುತ್ತೇನೆ. ಮೂರು ತಲೆನೋವು ಇವೆ. ‘ಎ’ಗಳನ್ನೆಲ್ಲಾ ಹುಡುಕು ಅಂದರೆ ಖಾಲಿ ಪಟ್ಟಿ ಕೊಡುತ್ತದೆ. ವಿವರದ ಟೆಕ್ಸ್ಟ್ ಕೇಳಿದರೆ ಲಿಂಕಿನ ಹಿಂದಿನ ಭಾಗ ಮಾತ್ರ ಬರುತ್ತದೆ, ಮುಂದಿನದು ನಾಪತ್ತೆ. ಇನ್ನು ನಾನು ‘ಹ’ ಅಂತ ಪ್ರಿಫಿಕ್ಸ್ ಇಟ್ಟಿದ್ದೆ, ಉಳಿಸಿದ ಮೇಲೆ ಅದು ತಾನೇ ‘ಎಚ್‌ಟಿಎಂಎಲ್’ ಅಂತ ಬದಲಾಗಿದೆ. ಫೈಲ್ ಹಾಳಾಯಿತೇ ಅಂತ ಭಯ.

ಮಸ್ಕಿ_ಬಂಡೆ

ಅಕ್ಕಾ, ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಓದುವ ಎಲಿಮೆಂಟ್‌ಟ್ರೀ ಬಳಸುತ್ತೀರಿ ಅಂದುಕೊಳ್ಳುತ್ತೇನೆ. ಮೂರನೆಯದು ಮೊದಲು ಹೇಳುತ್ತೇನೆ, ಹಾಳಾಗಿಲ್ಲ. ಪೈಥಾನ್ ಓದುವಾಗಲೇ ನಿಮ್ಮ ಪ್ರಿಫಿಕ್ಸನ್ನು ಬಿಸಾಕಿ ಪೂರ್ತಿ ವಿಳಾಸವನ್ನು ಹೆಸರಿಗೆ ಅಂಟಿಸಿಕೊಳ್ಳುತ್ತದೆ. ಬರೆಯುವಾಗ ತನಗೆ ಗೊತ್ತಿರುವ ಪ್ರಿಫಿಕ್ಸ್ ಹಾಕುತ್ತದೆ. ಮೇಲೆ ಹೇಳಿದ ಎಕ್ಸ್‌ಎಚ್‌ಟಿಎಂಎಲ್ ವಿಳಾಸಕ್ಕೆ ‘ಎಚ್‌ಟಿಎಂಎಲ್’ ಅನ್ನೋ ಪ್ರಿಫಿಕ್ಸ್ ಅದರ ಒಳಗೇ ಬರೆದಿದೆ. ಅದಕ್ಕೆ ಗೊತ್ತಿಲ್ಲದ ನೇಮ್‌ಸ್ಪೇಸ್ ಆಗಿದ್ದರೆ ಎನ್‌ಎಸ್0, ಎನ್‌ಎಸ್1 ಅಂತ ಹಾಕುತ್ತಿತ್ತು. ನೋಡಲು ಅಸಹ್ಯ, ಅರ್ಥ ಅದೇ. ನಿಮಗೆ ‘ಹ’ನೇ ಬೇಕಾದರೆ ಉಳಿಸುವ ಮುಂಚೆ ರಿಜಿಸ್ಟರ್ ನೇಮ್‌ಸ್ಪೇಸ್ ಫಂಕ್ಷನ್ನಿಗೆ ಪ್ರಿಫಿಕ್ಸ್, ವಿಳಾಸ ಎರಡೂ ಕೊಡಿ.

ಹುಡುಕುವಾಗ ಬರೀ ‘ಎ’ ಅಂದರೆ ಸಿಗುವುದಿಲ್ಲ, ಪೂರ್ತಿ ವಿಳಾಸವನ್ನು ಪುಷ್ಪಾವರಣದಲ್ಲಿ ಹಾಕಿ ಅದರ ಬೆನ್ನಿಗೆ ‘ಎ’ ಬರೆಯಬೇಕು. ಇಲ್ಲಾ ಒಂದು ಡಿಕ್ಷನರಿಯಲ್ಲಿ ಪ್ರಿಫಿಕ್ಸ್‌ಗೆ ವಿಳಾಸ ಕೊಟ್ಟು, ಅದನ್ನು ಫೈಂಡ್‌ಆಲ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಕಳಿಸಿ.

ಟೆಕ್ಸ್ಟ್ ಕಳೆದುಹೋಗಿಲ್ಲ. ಲಿಂಕ್ ಮುಗಿದ ನಂತರದ ಪಠ್ಯ ಲಿಂಕಿನ ‘ಟೇಲ್’ ಅನ್ನೋ ಜಾಗದಲ್ಲಿ ಇರುತ್ತದೆ, ವಿವರದ ಟೆಕ್ಸ್ಟ್‌ನಲ್ಲಿ ಅಲ್ಲ. ಪೂರ್ತಿ ವಾಕ್ಯ ಬೇಕಾದರೆ ವಿವರದ ಮೇಲೆ ಇಟರ್‌ಟೆಕ್ಸ್ಟ್ ಓಡಿಸಿ ಸಿಕ್ಕಿದ್ದನ್ನೆಲ್ಲಾ ಜೋಡಿಸಿ. ಇನ್ನೊಂದು ಎಚ್ಚರ, ಲಿಂಕನ್ನು ರಿಮೂವ್ ಮಾಡಿದರೆ ಟೇಲ್ ಕೂಡ ಅದರ ಜೊತೆ ಹೋಗುತ್ತದೆ. ಅರ್ಧ ವಾಕ್ಯ ಮಾಯವಾಗಿದ್ದು ಪ್ರಿಂಟ್ ಆದ ಮೇಲೇ ಗೊತ್ತಾಗುತ್ತದೆ.

ಸಿಂಧನೂರು_ಭತ್ತ

ಟೇಲ್! ಮೂರೂ ಸರಿ ಹೋದವು. ನಿಮ್ಮ ಬಂಡೆ ಅಶೋಕನ ಶಾಸನದ ಬಂಡೆಯೇ ಇರಬೇಕು, ಓದಿದರೆ ಅರ್ಥ ಆಗುತ್ತದೆ.

ಮಸ್ಕಿ_ಬಂಡೆ

1915ರಲ್ಲಿ ಅದು ಸಿಕ್ಕಿದಾಗ ‘ದೇವಾನಾಂಪ್ರಿಯ ಅಂದರೆ ಅಶೋಕನೇ’ ಅಂತ ಗಟ್ಟಿಯಾಯಿತು, ಹೆಸರು ನೇರ ಬರೆದಿದ್ದರಿಂದ. ನೇಮ್‌ಸ್ಪೇಸ್ ಘೋಷಿಸಿದ ಶಾಸನ ಅನ್ನಬಹುದು, ಬಿಡಿ.

ಸಂಡೂರು_ಮಣ್ಣು

ಗವಿ ತಮ್ಮಾ, ಕನ್ನಡ ಟ್ಯಾಗ್ ಇಟ್ಟಿದ್ದೀರಿ ಅಂದಿದ್ದಕ್ಕೆ ಒಂದು ಮಾತು. ಇದು ಇಂಗ್ಲಿಷ್ ಸಹಾಯ ಪುಟಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಫೋನಿನ ಕೀಲಿಮಣೆಯಲ್ಲಿ ‘ಮ್ಯಾಪ್’ ಅಂತ ಟೈಪ್ ಮಾಡಿದರೆ ಕೆಲವು ಸಲ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರುತ್ತದೆ, ಝಡ್‌ಡಬ್ಲ್ಯುಎನ್‌ಜೆ ಅಂತ. ತೆರೆಯುವ ಟ್ಯಾಗನ್ನು ಫೋನಿನಲ್ಲಿ, ಮುಚ್ಚುವ ಟ್ಯಾಗನ್ನು ಕಂಪ್ಯೂಟರಿನಲ್ಲಿ ಬರೆದಿರೋ, ಎರಡೂ ಒಂದೇ ತರಹ ಕಾಣುತ್ತವೆ, ಪಾರ್ಸರ್ ಮಾತ್ರ ತೆರೆದ ಟ್ಯಾಗಿಗೂ ಮುಚ್ಚಿದ ಟ್ಯಾಗಿಗೂ ಹೊಂದುವುದಿಲ್ಲ ಅಂತ ಹಟ ಹಿಡಿಯುತ್ತದೆ. ನಾವು ಕಣ್ಣು ಉಜ್ಜಿಕೊಂಡು ಕೂರಬೇಕು. ‘ಕೊ’ದಲ್ಲಿರುವ ಒ ಸ್ವರಚಿಹ್ನೆಗೂ ಇದೇ ಕಥೆ. ಅದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಚೂರು ಜೋಡಿಸಿಯೂ ಬರೆಯಬಹುದು. ಎಕ್ಸ್‌ಎಂಎಲ್ ಅವೆರಡನ್ನೂ ಒಂದೇ ಅಂತ ನೋಡುವುದಿಲ್ಲ.

ಅದಕ್ಕಿಂತ ದೊಡ್ಡದು, ಎಕ್ಸ್‌ಎಂಎಲ್ 1.0ದ ಹಳೆಯ ಆವೃತ್ತಿಗಳಲ್ಲಿ ಈ ಕಾಣದ ಅಕ್ಷರ ಟ್ಯಾಗ್ ಹೆಸರಿನಲ್ಲಿ ಇರಲೇಬಾರದು. 2008ರ ಐದನೇ ಆವೃತ್ತಿಯಲ್ಲಿ ಒಪ್ಪಿದರು. ಹಳೆಯ ನಿಯಮದ ಮೇಲೇ ನಿಂತ ಪಾರ್ಸರ್‌ಗಳು ಈಗಲೂ ಇವೆ, ಹಾಗಾಗಿ ಒಂದು ಕಡೆ ನಡೆದ ಫೈಲ್ ಇನ್ನೊಂದು ಕಡೆ ನಡೆಯದಿರಬಹುದು. ನನ್ನ ಅಭಿಪ್ರಾಯ ಕೇಳಿದರೆ ಟ್ಯಾಗ್ ಹೆಸರಿಗೆ ತಾಣ, ಊರು, ವಿವರ ಇಂಥ ಅರ್ಧಾಕ್ಷರದಲ್ಲಿ ಮುಗಿಯದ ಪದಗಳನ್ನೇ ಆರಿಸಿ. ಮ್ಯಾಪ್ ಬದಲು ‘ನಕ್ಷೆ’ ಇಡಿ.

ಕೊಪ್ಪಳ_ಗವಿ

ನಕ್ಷೆ ಅಂತಲೇ ಮಾಡಿದೆ. ಈಗ ಕೊನೆಯ ಅಡ್ಡಿ ಒಂದು ಇದೆ. ಗೈಡ್ ಒಂದು ಎಕ್ಸ್‌ಎಸ್‌ಡಿ (ಯಾವ ಟ್ಯಾಗಿನಲ್ಲಿ ಏನಿರಬಹುದು ಅನ್ನೋ ನಿಯಮಗಳ ಫೈಲ್) ಕೂಡ ಕೇಳಿದ್ದಾರೆ. ನಾನು ವಿವರವನ್ನು ಸ್ಟ್ರಿಂಗ್ ಅಂತ ಬರೆದಿದ್ದೆ. ಬ್ರೌಸರಿನಲ್ಲಿ ಎಲ್ಲಾ ಸರಿ, ಆದರೆ ವ್ಯಾಲಿಡೇಟ್ ಮಾಡಿದರೆ ವಿವರದ ಒಳಗೆ ಟ್ಯಾಗ್ ಇರುವಂತಿಲ್ಲ ಅನ್ನುತ್ತದೆ. ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಬಳಸಿ ಎಚ್‌ಟಿಎಂಎಲ್ ಪುಟ ಮಾಡಿಬಿಡಲಾ?

ಸಂಡೂರು_ಮಣ್ಣು

ಎಕ್ಸ್‌ಎಸ್‌ಎಲ್‌ಟಿ ಬೇಡ ಅನ್ನುವುದಿಲ್ಲ, ಆದರೆ ಅದು ಈ ಪ್ರಶ್ನೆಗೆ ಉತ್ತರ ಅಲ್ಲ. ಅಲ್ಲದೆ ಕ್ರೋಮ್‌ನಲ್ಲಿ ಹಾರ್ಡ್ ಡಿಸ್ಕಿನಿಂದ ನೇರ ತೆರೆದರೆ ಅದು ಓಡುವುದಿಲ್ಲ, ಲೋಕಲ್ ಸರ್ವರ್ ಹಾಕಬೇಕು. ಬ್ರೌಸರಿನಿಂದ ಎಕ್ಸ್‌ಎಸ್‌ಎಲ್‌ಟಿಯನ್ನೇ ತೆಗೆದುಹಾಕುವ ಯೋಚನೆ ಇದೆ ಅಂತ ಕ್ರೋಮ್ ತಂಡದವರು 2025ರಲ್ಲಿ ಹೇಳಿದ್ದಾರೆ. ಹೊಸದಾಗಿ ಅದರ ಮೇಲೆ ಕಟ್ಟಬೇಡಿ.

ಎಕ್ಸ್‌ಎಸ್‌ಡಿಯಲ್ಲಿ ವಿವರವನ್ನು ಕಾಂಪ್ಲೆಕ್ಸ್ ಟೈಪ್ ಮಾಡಿ, ಅದಕ್ಕೆ ಮಿಕ್ಸೆಡ್ ಟ್ರೂ ಕೊಡಿ. ಪಠ್ಯದ ನಡುವೆ ಟ್ಯಾಗ್ ಬರಬಹುದು ಅಂತ ಅದರ ಅರ್ಥ. ಒಳಗೆ ಒಂದು ಸೀಕ್ವೆನ್ಸ್, ಅದರೊಳಗೆ ‘ಎನಿ’. ಎನಿಗೆ ನೇಮ್‌ಸ್ಪೇಸ್ ಅಂತ ಅದೇ ಎಕ್ಸ್‌ಎಚ್‌ಟಿಎಂಎಲ್ ವಿಳಾಸ, ಪ್ರೊಸೆಸ್‌ಕಂಟೆಂಟ್ಸ್‌ಗೆ ಲ್ಯಾಕ್ಸ್, ಮಿನ್ಅಕರ್ಸ್ ಸೊನ್ನೆ, ಮ್ಯಾಕ್ಸ್ಅಕರ್ಸ್ ಅನ್‌ಬೌಂಡೆಡ್. ಲ್ಯಾಕ್ಸ್ ಕೊಡದೆ ಬಿಟ್ಟರೆ ಅದು ಸ್ಟ್ರಿಕ್ಟ್ ಅಂತ ತಿಳಿದುಕೊಂಡು ಎಚ್‌ಟಿಎಂಎಲ್‌ನ ಸ್ಕೀಮಾ ಎಲ್ಲಿ ಅಂತ ಕೇಳುತ್ತದೆ. ಎಚ್‌ಟಿಎಂಎಲ್ ಅಲ್ಲದ ಟ್ಯಾಗ್ ಯಾರಾದರೂ ತುರುಕಿದರೆ ಲ್ಯಾಕ್ಸ್ ಇದ್ದರೂ ಹಿಡಿಯುತ್ತದೆ, ಅದು ಲಾಭ.

ಕೊಪ್ಪಳ_ಗವಿ

ಅಣ್ಣಾ ವ್ಯಾಲಿಡೇಟ್ ಆಯಿತು! ನಾಳೆ ತೋರಿಸುತ್ತೇನೆ.

ಬಳ್ಳಾರಿ_ಬಿಸಿಲು

ಸಿಡೇಟಾ ಅಂದು ಬೈಸಿಕೊಂಡವನು ಮತ್ತೆ ಬಂದಿದ್ದೇನೆ. ಇದನ್ನೆಲ್ಲಾ ಓದುತ್ತಿದ್ದಾಗ ನನ್ನ ಕೈಲಿರುವ ಕೆಲಸ ನೆನಪಾಯಿತು. ಇಲ್ಲಿ ಒಂದು ಜೀನ್ಸ್ ಅಂಗಡಿಯ ಸೈಟ್ ನೋಡಿಕೊಳ್ಳುತ್ತೇನೆ, ಪುಟಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಎರಡೂ ಒಂದೇ ಪುಟದ ಜೋಡಿ ಅಂತ ಗೂಗಲ್‌ಗೆ ತಿಳಿಸಲು, ಸೈಟಿನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪಿನಲ್ಲಿ ‘ಎಕ್ಸ್‌ಎಚ್‌ಟಿಎಂಎಲ್:ಲಿಂಕ್’ ಹಾಕಿದೆ. ಅದೂ ಪ್ರಿಫಿಕ್ಸ್ ಡಿಫೈನ್ ಆಗಿಲ್ಲ ಅನ್ನುತ್ತಿದೆ. ಅದೇ ರೋಗವೇ?

ಮಸ್ಕಿ_ಬಂಡೆ

ಅದೇ ರೋಗ, ಅದೇ ಮದ್ದು. ಸೈಟ್‌ಮ್ಯಾಪಿನ ಮೂಲ ಟ್ಯಾಗ್ ‘ಯುಆರ್‌ಎಲ್‌ಸೆಟ್’ನಲ್ಲಿ ಪ್ರಿಫಿಕ್ಸ್ ಇಲ್ಲದ ಒಂದು ಘೋಷಣೆ ಈಗಾಗಲೇ ಇರುತ್ತದೆ, ಸೈಟ್‌ಮ್ಯಾಪಿನದೇ. ಅದನ್ನು ಅಳಿಸಬೇಡಿ. ಅದರ ಪಕ್ಕದಲ್ಲೇ ಎಕ್ಸ್‌ಎಂಎಲ್‌ಎನ್‌ಎಸ್ ಕೋಲನ್ ಎಕ್ಸ್‌ಎಚ್‌ಟಿಎಂಎಲ್ ಅಂತ ಎರಡನೆಯದನ್ನು ಸೇರಿಸಿ, ವಿಳಾಸ ಮೇಲೆ ಗವಿಗೆ ಕೊಟ್ಟದ್ದೇ. ಪ್ರಿಫಿಕ್ಸ್ ಇಲ್ಲದ ಟ್ಯಾಗ್‌ಗಳೆಲ್ಲಾ ಸೈಟ್‌ಮ್ಯಾಪಿಗೆ ಸೇರುತ್ತವೆ, ಪ್ರಿಫಿಕ್ಸ್ ಇರುವವು ಎಚ್‌ಟಿಎಂಎಲ್‌ಗೆ. ಪ್ರತಿ ಪುಟದ ಕೆಳಗೆ ಎರಡೂ ಭಾಷೆಯ ಲಿಂಕ್ ಬರಬೇಕು, ತನ್ನದೇ ಲಿಂಕ್ ಸಮೇತ. ಕನ್ನಡದ್ದು ಇಂಗ್ಲಿಷನ್ನು ತೋರಿಸಿ, ಇಂಗ್ಲಿಷಿನದು ಕನ್ನಡವನ್ನು ತೋರಿಸದಿದ್ದರೆ ಗೂಗಲ್ ಆ ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದು. ಪುಟದ ಭಾಷೆ ಹೇಳುವ ಎಚ್‌ರೆಫ್‌ಲ್ಯಾಂಗ್‌ನಲ್ಲಿ ಕನ್ನಡಕ್ಕೆ ‘ಕೆಎನ್’, ‘ಕೆಎ’ ಅಲ್ಲ. ಅದು ಜಾರ್ಜಿಯನ್ ಭಾಷೆಯ ಸಂಕೇತ.

ಬಳ್ಳಾರಿ_ಬಿಸಿಲು

ಅಯ್ಯೋ, ಎಲ್ಲಾ ಕಡೆ ‘ಕೆಎ’ ಇದೆ. ಗಾಡಿ ನಂಬರ್ ಪ್ಲೇಟ್ ನೋಡಿ ನೋಡಿ ಕೈಗೆ ಅದೇ ಬಂದಿದೆ. ಬದಲಿಸುತ್ತೇನೆ.